ಭಾವನ ಒಂಬತ್ತು ಕಲ್ಲು

ಅಯ್ಯೋ, ಕಲ್ಲು ಉಜ್ಜೋ ಪುಡಿ ಅಂದ್ರೆ ಎಲ್ಲಾ ಒಂದೇ ಅಲ್ಲ ಅಕ್ಕಾ! ಅದಕ್ಕೇ ತಾನೇ ಇಷ್ಟು ದಿನ ಹಿಡಿದಿದ್ದು. ಕೂತ್ಕೋ, ಆ ಸ್ಟೂಲ್ ಎಳ್ಕೋ... ಅದು ಬೇಡ, ಅದರ ಕಾಲು ಅಲ್ಲಾಡತ್ತೆ, ಇದು ತಗೋ. ಕಲ್ಲು ಉರುಳಿಸೋ ಈ ಡ್ರಮ್ಮಿನ ಗಲಾಟೆ ಜಾಸ್ತಿ ಆಯ್ತಾ? ತಾಳು, ಆರಿಸ್ತೀನಿ.

ಹಾಂ. ಈಗ ಕೇಳು. ಮೊದಲು ಒರಟು ಪುಡಿ, ಮರಳಿನ ಹಾಗಿರತ್ತೆ. ನೀರು ಸೇರಿಸಿ ಒಂದು ವಾರ ಕಲ್ಲುಗಳನ್ನ ಉರುಳಿಸ್ತಾನೇ ಇರ್ಬೇಕು. ಆಮೇಲೆ ಅದಕ್ಕಿಂತ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಪ್ರತಿ ಸಲ ಡ್ರಮ್ಮು ತಿಕ್ಕಿ ತೊಳೀಬೇಕು. ಹಳೇ ಪುಡಿ ಒಂದು ಕಾಳು ಉಳೀತೋ, ಮುಗೀತು ಕಥೆ, ಮೈಯೆಲ್ಲಾ ಗೀರು! ಹೊಳಪಿನ ಪುಡಿ ಕೊನೇದು. ಅದನ್ನ ಆರಿಸೋದ್ರಲ್ಲೇ ಇರೋದು ಕೈಗುಣ. ಈ ಡಬ್ಬಿ ನೋಡು, ಬಿಳೀದು. ಮುಟ್ಟು, ಹಿಟ್ಟಿನ ಹಾಗಿಲ್ವಾ? ಗಟ್ಟಿ ಕಲ್ಲಿಗೆ ಬಹುಪಾಲು ಇದೇ ಸಾಕು. ಇದು ಗುಲಾಬಿ ಬಣ್ಣದ್ದು, ಸೀರಿಯಂ ಅಂತಾರೆ, ಗಾಜಿನಂಥ ಕಲ್ಲಿಗೆ ಒಳ್ಳೇದು. ಭಾವನ ಕಲ್ಲಿಗೆ ಯಾವುದು ಹಾಕೋದು ಅಂತ ಎರಡು ದಿನ ತಲೆ ಕೆಡಿಸ್ಕೊಂಡೆ ಗೊತ್ತಾ...

ಯಾಕೆ ನಗ್ತೀಯಾ? ಹತ್ತರ ಮಗ್ಗಿ ಬಾಯಿಗೆ ಬರದವನು ಈಗ ಪಾಠ ಹೇಳ್ತಾನೆ ಅಂತ ತಾನೇ? ನಗು, ನಗು. ನಿನ್ನ ಹಲ್ಲು ಕಂಡು ಎಷ್ಟು ದಿನ ಆಯ್ತು.

ಭಾವ ಹೇಗಿದಾರೆ?... ಎರಡೇ ತುತ್ತಾ? ದಿನವಿಡೀ ಹಾಸಿಗೆ ತಡಕ್ತಾರಾ... ಹೂಂ.

ಗೊತ್ತು ಅಕ್ಕಾ, ಗೊತ್ತು. ಸ್ಟ್ರೋಕ್ ಆದ್ಮೇಲೆ ಅವರಿಗೆ ಉಳಿದಿದ್ದೇ ಆ ಕಲ್ಲು ಹಿಡಿದಾಗ ಬರೋ ನಾಲ್ಕು ಮಾತು. ಲಾರಿ ಓಡಿಸ್ತಿದ್ದಾಗ ಮನಸ್ಸಿಗೆ ಹಿಡಿದ ಜಾಗದಿಂದೆಲ್ಲಾ ನಿಂಗೆ ಅಂತ ತಂದಿದ್ದು. ಉದ್ದಂದು ಹಿಡಿದ್ರೆ 'ಸೇತುವೆ' ಅಂತಿದ್ರು. ಗುಳಿ ಇರೋದು ಹಿಡಿದ್ರೆ, ಹೆಬ್ಬೆರಳು ಅದ್ರಲ್ಲಿಟ್ಟು, ನಿನ್ನ ಹೆಸರು. ನಾನೇ ಕೇಳಿದೀನಿ, ನಂಗೆ ಗೊತ್ತಿಲ್ವಾ?

ಹೌದು, ನೀನು ಹೇಳಿದ್ದು ಅಷ್ಟೇ. ಯಾವುದೋ ಒಂದರ ಅಂಚು ಭಾವನ ಅಂಗೈ ಕೊಯ್ದಿತ್ತು. ಯಾವುದು ಅಂತ ತಿಳೀದೆ ಒಂಬತ್ತನ್ನೂ ಚೀಲದಲ್ಲಿ ತಂದುಕೊಟ್ಟೆ. 'ಆ ಅಂಚೊಂದು ಉಜ್ಜಿಕೊಡೋ, ಬೇರೇನೂ ಮಾಡ್ಬೇಡ' ಅಂದೆ. ಐದು ನಿಮಿಷದ ಕೆಲಸ, ಒಪ್ಕೋತೀನಿ. ಆದ್ರೆ ನಂಗೆ ಅನ್ನಿಸ್ತು, ಪಾಪ, ಆ ಮನುಷ್ಯನ ಕೈಯಲ್ಲಿ ಕಲ್ಲು ಫಳಫಳ ಹೊಳೀಲಿ ಅಂತ... ತಪ್ಪಾ?

ತಗೋ. ಎಣಿಸ್ಕೋ, ಒಂಬತ್ತೂ ಇದೆ. ಬೆಳಕಿಗೆ ಹಿಡಿ! ಕನ್ನಡಿ ಅಕ್ಕಾ, ಕನ್ನಡಿ!

ಏನು?... ಕಣ್ಣು ಯಾಕೆ ಮುಚ್ಕೊಂಡೆ?

ಹಾಗೆ ಬೆರಳಾಡಿಸಿದ್ರೆ ಏನು ಸಿಗತ್ತೆ, ಎಲ್ಲಾ ನುಣ್ಣಗಾಗಿದೆಯಲ್ಲ. ಗುಳಿನಾ? ಅದು... ಅದು ಸವೆದಿರತ್ತೆ. ಉರುಳಿದ್ಮೇಲೆ ಗುಳಿ ಎಲ್ಲಿ ನಿಲ್ಲತ್ತೆ? ಸೇತುವೇದು ಇದೇ. ಅಲ್ಲ, ತಾಳು, ಇದು. ಇದೇ ಇರ್ಬೇಕು...

ಹಾಗೆ ನೋಡ್ಬೇಡ.

ಅಕ್ಕಾ, ಹಾಗೆ ನೋಡ್ಬೇಡ ಅಂದೆ.

ಸರಿ. ಇವು ಅವಲ್ಲ.

ಅವು ಮೆತ್ತಗಿನ ಕಲ್ಲು, ಸುಣ್ಣದ ಜಾತಿ. ಚಾಕು ತುದೀಲಿ ಗೀರಿದ್ರೆ ಗೊತ್ತಾಗ್ತಿತ್ತು, ನಾನು ಗೀರಲಿಲ್ಲ. ವಾರ ಆದ್ಮೇಲೆ ಮುಚ್ಚಳ ತೆಗೀತೀನಿ, ಬೂದು ಬಣ್ಣದ ಕೆಸರು. ಮೊಳಕೈ ತನಕ ಕೈ ಹಾಕಿ ಹುಡುಕಿದೆ. ಕಡಲೆಕಾಳಿನಷ್ಟು ಎರಡು ಚೂರು ಸಿಕ್ತು, ಅಷ್ಟೇ. ಕೆಸರು ಹಿತ್ತಿಲ ಗುಂಡಿಗೆ ಸುರಿದೆ. ಒಂದೋ ಎರಡೋ ಗಟ್ಟಿಯಾಗಿದ್ದವು ಉಳಿದಿರಬಹುದು, ಆದ್ರೆ ಅವೂ ಗುಂಡಗಾಗಿ ಉಳಿದವುಗಳ ಜೊತೆ ಬೆರೆತುಹೋದವು. ನಿನ್ನ ಮುಖಕ್ಕೆ ಹೇಗೆ ಹೇಳೋದು ಅಂತ ಇವನ್ನ ಆರಿಸಿಟ್ಟೆ. ಭಾವನಿಗೆ ಗೊತ್ತಾಗಲ್ಲ ಅಂದ್ಕೊಂಡೆ... ಅವರಿಗೇ ಮೊದಲು ಗೊತ್ತಾಗೋದು, ಅಲ್ವಾ.

ಬೈಯಿ. ಎರಡು ಬಾರಿಸು. ಚಿಕ್ಕವನಿದ್ದಾಗ ಎಷ್ಟು ಬಾರಿಸಿಲ್ಲ ನೀನು!



ಡ್ರಮ್ಮಿನ ಕಡೆ ಯಾಕೆ ನೋಡ್ತಿದೀಯಾ?

... ಹೌದು. ಉಳಿದವು ಅಂದೆನಲ್ಲ, ಬೇರೆ ಕಲ್ಲೂ ಇದ್ದವು. ಡ್ರಮ್ಮಲ್ಲಿ ಭಾವನ ಕಲ್ಲಷ್ಟೇ ಇರ್ಲಿಲ್ಲ.

ನಿನ್ನ ಹತ್ರ ಬಚ್ಚಿಡೋಕೆ ಆಗಲ್ಲ. ಯಾವತ್ತು ಆಗಿದೆ? ಕಲ್ಲಿನ ಹಾರ ಮಾಡೋ ಅಂಗಡಿಯವರ ಆರ್ಡರು ಅಕ್ಕಾ. ಡ್ರಮ್ಮು ಅರ್ಧಕ್ಕಿಂತ ಮೇಲೆ ತುಂಬದಿದ್ರೆ ಕಲ್ಲು ಸರಿಯಾಗಿ ಉರುಳಲ್ಲ, ಒಂದಕ್ಕೊಂದು ಬಡಿದು ಒಡೀತವೆ. ಒಂದು ಹಿಡಿ ಕಮ್ಮಿ ಬಿದ್ದಿತ್ತು. ಸುತ್ತ ನೋಡ್ದೆ. ಆ ಗೂಟದಲ್ಲಿ ನಿನ್ನ ಚೀಲ ನೇತಾಡ್ತಿತ್ತು.

ಹೊಳಪೂ ಇಲ್ಲ, ಭಾವನೂ ಇಲ್ಲ, ಆ ಹೊತ್ತಿಗೆ ಯಾರ ನೆನಪೂ ಬರ್ಲಿಲ್ಲ. ಒಂದು ಹಿಡಿ ಕಮ್ಮಿ ಇತ್ತು.

ಸುರಿದೆ.