ಬಸ್ಸಿನಿಂದ ಇನ್ನೂ ಇಳಿಯದವನು

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಸಿದ್ದಲಿಂಗೇಶ ಅವರೇ, ನನಗಿಂತ ಮೊದಲು ಮುಕ್ಕಾಲು ಗಂಟೆ ಮಾತನಾಡಿ ನನ್ನ ಕಾದಂಬರಿಯನ್ನು ನನಗೇ ಪರಿಚಯ ಮಾಡಿಕೊಟ್ಟ ಉಪನ್ಯಾಸಕಿ ಕಾವ್ಯಾ ಅವರೇ, ಹಿಂದಿನಿಂದ ಚಹಾ ಕುದಿಯುವ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನನ್ನ ಪುಸ್ತಕವನ್ನು ನಿಮ್ಮ ಕಾಲೇಜಿಗೆ ಪಠ್ಯ ಮಾಡಿದ್ದೀರಿ, ಶಾಲು ಹೊದಿಸಿದ್ದೀರಿ. ಸಂತೋಷ. ಆದರೆ ‘ಕಾದಂಬರಿಯಲ್ಲಿ ಕಥನ ತಂತ್ರಗಳು’ ಎಂದು ನನಗೆ ವಿಷಯ ಕೊಟ್ಟಿದ್ದೀರಲ್ಲ, ಯಾವ ತಂತ್ರ ಸ್ವಾಮಿ? ಕಾರ್ಗಿಲ್ ಯುದ್ಧದ ವರ್ಷ, ಸಾರವಾಡದ ಕುರಿ ಕಾಯುವ ಮನೆ, ಹದಿಮೂರರ ಹುಡುಗಿ, ಗಡಿಯಲ್ಲಿರುವ ಅಣ್ಣ ಯಲಗೂರಪ್ಪ. ಆ ಹುಡುಗಿ ನಾನೇ. ಅಣ್ಣನ ಹೆಸರನ್ನು ಬದಲಿಸುವ ಜಾಣತನವೂ ನನಗೆ ಬರಲಿಲ್ಲ.

ಕಾವ್ಯಾ ಅವರು ಹೇಳಿದರು: ಅಣ್ಣನಿಗೆ ಕಳಿಸಿದ, ಒಣಗಿಸಿ ಗರಿಗರಿಯಾದ ಕಟಕ ರೊಟ್ಟಿ ಚೂರುಚೂರಾಗಿ ತಲುಪುತ್ತದೆ, ಅದು ಮುಂದಿನ ದುರಂತದ ಮುನ್ಸೂಚನೆ. ಅಮ್ಮಾ, ವಿಜಯಪುರದಿಂದ ಅಷ್ಟು ದೂರ ಅಂಚೆಯಲ್ಲಿ ಕಳಿಸಿದರೆ ಕಟಕ ರೊಟ್ಟಿ ಇನ್ನೇನಾಗುತ್ತದೆ? ಅಣ್ಣ ಆ ಚೂರುಗಳನ್ನು ಶೇಂಗಾ ಚಟ್ನಿಗೆ ಕಲಸಿಕೊಂಡು ತಿಂದನಂತೆ. ‘ಮುರದಿದ್ದs ಛಲೋ ಆತು, ಎಲ್ಲಾರಿಗೂ ಹಂಚಾಕ ಬಂತು’ ಎಂದು ಹೇಳಿ ಕಳಿಸಿದ್ದ. ಅದನ್ನು ಕೇಳಿ ನಾವು ಎಷ್ಟು ನಕ್ಕಿದ್ದೆವು! ಅದನ್ನೀಗ ದುರಂತ ಮಾಡಿ ಮಕ್ಕಳಿಗೆ ಕಂಠಪಾಠ ಮಾಡಿಸುತ್ತಿದ್ದೀರಿ.

ಇನ್ನು ಹಿನ್ನೋಟ ತಂತ್ರ. ಯುದ್ಧ ಜೋರಾದಾಗಲೆಲ್ಲ ಕಥೆ ಅಣ್ಣನ ಬಾಲ್ಯಕ್ಕೆ ಜಿಗಿಯುತ್ತದೆ, ಕಾಲವನ್ನು ಒಡೆದಿದ್ದಾರೆ, ಎಂದಿರಿ. ನಾನೇನೂ ಒಡೆದಿಲ್ಲ. ನಮ್ಮವ್ವ ಸಕ್ರವ್ವನಿಗೆ ಓದು ಬರುವುದಿಲ್ಲ. ಬರೆದದ್ದನ್ನು ದಿನಾ ಸಂಜೆ ಆಕೆಗೆ ಓದಿ ಹೇಳುತ್ತಿದ್ದೆ. ಗುಂಡಿನ ಮಾತು ಬಂದರೆ ಸಾಕು, ‘ಅದನ್ ಬಿಡs ಸುಧಾ, ಅಂವಾ ಸಣ್ಣಾಂವ ಇದ್ದಾಗ ಕುರಿಮರಿ ಹೊತಗೊಂಡು ಸಾಲಿಗೆ ಹೋಗಿದ್ನಲ್ಲ, ಅದನ್ ಹೇಳು’ ಅನ್ನುತ್ತಿದ್ದಳು. ಬರೆದೆ. ಮರುದಿನ ಮತ್ತೆ ಗುಂಡು ಬಂತು, ಆಕೆ ಮತ್ತೆ ಅದೇ ಮಾತು ಅಂದಳು, ನಾನು ಮತ್ತೆ ಬರೆದೆ. ಇದು ತಂತ್ರವೇ?

ಈಗ ನನ್ನ ತಾಳ್ಮೆ ಕೆಡಿಸಿದ ಸಂಗತಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಪತ್ರಿಕೆ ನೋಡಿದೆ. ‘ಕೊನೆಯಲ್ಲಿ ಯಲಗೂರಪ್ಪ ಬಸ್ಸಿನಿಂದ ಇಳಿದನೇ? ಸಮರ್ಥಿಸಿ. ಹತ್ತು ಅಂಕ.’ ಯಾರು ಸಮರ್ಥಿಸಬೇಕು? ಯುದ್ಧ ಮುಗಿದಿದೆ, ಹುಡುಗಿ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ, ಬಸ್ಸು ಬಂದು ನಿಲ್ಲುತ್ತದೆ, ಬಾಗಿಲು ತೆರೆಯುವ ಮೊದಲೇ ಕಾದಂಬರಿ ಮುಗಿಯುತ್ತದೆ. ಮುಕ್ತ ಅಂತ್ಯ ಎಂದು ಹೊಗಳಿದಿರಿ. ಹೊಗಳಿದವರೇ ಈಗ, ‘ಮುಂದಿನ ಮುದ್ರಣಕ್ಕೆ ಕೊನೆಯ ಅಧ್ಯಾಯ ಬರೆಯುತ್ತೇನೆಂದು ಇದೇ ವೇದಿಕೆಯಲ್ಲಿ ಘೋಷಿಸಿ’ ಎಂದು ಒತ್ತಾಯಿಸುತ್ತಿದ್ದೀರಿ. ಅವ್ವ ಮೊದಲ ಸಾಲಿನಲ್ಲಿ ಕೂತಿದ್ದಾಳೆ ಎಂಬುದಾದರೂ ಕಾಣಬಾರದೇ?

ಆ ಅಧ್ಯಾಯವನ್ನು ನಾನು ಬರೆದಿದ್ದೆ. ಅಣ್ಣ ಬಸ್ಸಿನಲ್ಲಿ ಬರಲಿಲ್ಲ, ಸೈನ್ಯದ ಗಾಡಿಯಲ್ಲಿ ಬಂದ. ಊರವರೆಲ್ಲ ನೋಡಿದ್ದಾರೆ, ಅವ್ವನೂ ನೋಡಿದ್ದಾಳೆ, ಮಣ್ಣು ಹಾಕಿದ್ದಾಳೆ. ಆಕೆಗೆ ಭ್ರಮೆಯಿಲ್ಲ. ಆದರೆ ಬಸ್ಸು ಬಂದು ನಿಂತ ಪುಟದವರೆಗೆ ಓದಿದ ಆ ಸಂಜೆ ಅವ್ವ ನನ್ನ ಕೈ ಹಿಡಿದಳು. ‘ಇನ್ನೂ ಇಳದಿಲ್ಲಲ್ಲ ಅಂವಾ? ಹಂಗಾರ ಅಲ್ಲಿಗೇ ನಿಲ್ಲಸವ್ವ’ ಅಂದಳು.

ನಿಲ್ಲಿಸಿದೆ. ಮುಂದಿನ ಹಾಳೆಗಳನ್ನು ಒಲೆಗೆ ಹಾಕಿದೆ. ನನಗೆ ಸಂಕಟವಾಗಲಿಲ್ಲವೇ? ಆಯಿತು, ಅತ್ತುಬಿಟ್ಟೆ. ಆದರೆ ಮತ್ತೆ ಬರೆಯುವುದಿಲ್ಲ. ಪ್ರಾಂಶುಪಾಲರೇ, ಆ ಪ್ರಶ್ನೆಯನ್ನು ತೆಗೆದುಬಿಡಿ. ಹತ್ತು ಅಂಕ ಎಲ್ಲರಿಗೂ ಕೊಡಿ, ನಿಮ್ಮ ಗಂಟೇನೂ ಹೋಗುವುದಿಲ್ಲ.

ನಮ್ಮನ್ನು ಸಾರವಾಡಕ್ಕೆ ಬಿಡಲು ಕಾರು ತರಿಸಿದ್ದೀರಂತೆ. ದಯವಿಟ್ಟು ಬೇಡ. ಅವ್ವ ಬಸ್ಸಿನಲ್ಲೇ ಬರುತ್ತಾಳೆ. ಊರು ಬಂದರೆ ಎಲ್ಲರೂ ಇಳಿಯುವವರೆಗೆ ಕೂತೇ ಇರುತ್ತಾಳೆ. ಆಮೇಲೆ ಎದ್ದು, ಖಾಲಿ ಸೀಟುಗಳನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ಇಳಿಯುತ್ತಾಳೆ. ಕಂಡಕ್ಟರ್ ಗೊಣಗುತ್ತಾನೆ, ಗೊಣಗಲಿ.

ಯವ್ವಾ, ಏಳ ಬೇ, ಬಸ್ಸಿನ ಹೊತ್ತಾತು.

ಇಷ್ಟು ಹೊತ್ತು ನನ್ನ ಸಿಟ್ಟನ್ನು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.