ಕರಿ ಕಪಾಟಿನ ಸೊನೆ

ವಿಲಾಯತಿಯಲ್ಲಿ ನಾವಿರುವ ಹೇಸ್‌ನ ಕಾಲುವೆ ದಂಡೆಯಲ್ಲಿ ಕತ್ತಲಾದ ಮೇಲೆ ಎಲಿಯಾಸ್ ಈಗ ನಡೆಯುವುದಿಲ್ಲ. ನಮ್ಮ ಪಕ್ಕದ ಮನೆಯವನು, ಉಡುಪಿ ಕಡೆಯ ಬಡಗಿ. ಪುಕ್ಕಲನಲ್ಲ. ನಗುವವರು ಈಗಲೇ ನಕ್ಕುಬಿಡಿ.

ಹೋದ ಡಿಸೆಂಬರಿನಲ್ಲಿ ಸ್ಟ್ಯಾನ್ಮೋರಿನ ಋಷಿಕೇಶ್ ಎಂಬ ದುಡ್ಡಿನ ಕುಳ ಅವನನ್ನು ಕೆಲಸಕ್ಕೆ ಕರೆಸಿದ. ಹರಾಜಿನಲ್ಲಿ ಹಿಡಿದ ಹಳೇ ಫ್ರೆಂಚ್ ಕಪಾಟು. ಫ್ರೆಂಚ್ ಅನ್ನುವುದು ಹೆಸರಿಗೆ. ಬಾಗಿಲಿನ ಹಲಗೆ ಜಪಾನಿನದು. ಯಾರೋ ಮರದ ಸೊನೆಯನ್ನು ಪದರ ಪದರವಾಗಿ ಬಳಿದು, ಒಣಗಿಸಿ, ಉಜ್ಜಿ ಮಾಡಿದ, ಕೋಣೆಗೆ ಅಡ್ಡ ನಿಲ್ಲಿಸುವ ಕರಿ ಮರದ ಪರದೆ. ಮೇಲೆ ಚಿನ್ನದ ಪುಡಿಯಲ್ಲಿ ಒಬ್ಬ ಹೆಂಗಸು. ನೂರೈವತ್ತು ವರ್ಷದ ಹಿಂದೆ ಪ್ಯಾರಿಸಿನವರು ಆ ಪರದೆಯನ್ನು ಗರಗಸದಿಂದ ಕೊಯ್ದು, ಹಿತ್ತಾಳೆ ಪಟ್ಟಿ ಬಡಿದು, ತಮ್ಮ ಹೆಸರು ಹಾಕಿಕೊಂಡರು. ಅವಳ ಒಂದು ತೋಳು ಆಗಲೇ ಹೋಯಿತು. ಓದಿದವರು ಇದಕ್ಕೆ 'ಪೂರ್ವದ ಪ್ರಭಾವ' ಅನ್ನುತ್ತಾರೆ. ನಾನು ಕಟುಕತನ ಅನ್ನುತ್ತೇನೆ.

"ಒಳಗೆ ಟಿವಿ ಇಡ್ತೇನೆ. ಬಾಗಿಲಲ್ಲಿ ಅಷ್ಟಗಲ ಕೊಯ್ದು ತೆಗಿ," ಅಂದ ಋಷಿಕೇಶ್.

"ಬೇಡ ಸರ್, ಪಾಪ ಅದು. ಟಿವಿಗೆ ಬೇರೆ ಮಾಡಿ ಕೊಡ್ತೇನೆ."

"ನೀನು ಬಡಗಿಯೋ, ಪಾದ್ರಿಯೋ?"

ಎಲಿಯಾಸ್ ಕೊಯ್ದ. ಅವಳ ಕುತ್ತಿಗೆಯ ಅಡ್ಡಕ್ಕೆ... ಗರಗಸ ಹೊರಗೆಳೆದರೆ ಹಲ್ಲುಗಳು ಒದ್ದೆ, ಕಪ್ಪು. ಅಂಗೈಯಲ್ಲೇ ಒರೆಸಿಕೊಂಡು ಹೊರಟ.

ಕಾಲುವೆ ದಂಡೆಗೆ ಬಂದಾಗ ಹಿಂದೆ ಸದ್ದು. ಗರ್... ಸರ್... ಗರ್... ಸರ್... ಮರ ಕೊಯ್ಯುವ ಸದ್ದು. ನಿಂತ. ಅದೂ ನಿಂತಿತು. ನಡೆದ... ಗರ್... ಸರ್... ಸೇತುವೆಯ ಕೆಳಗೆ ಬರುವಷ್ಟರಲ್ಲಿ ಸದ್ದು ಹಿಂದೆ ಇರಲಿಲ್ಲ. ಅವನ ಬಲ ಮಣಿಕಟ್ಟಿನಲ್ಲಿತ್ತು.

"ಬಾಗಿಲು ಹಾಕು," ಅಂದ ಮನೆಗೆ ಬಂದವನೇ.

"ಹಿಂದೆ ಯಾರು?" ಹೆಂಡತಿ ನ್ಯಾನ್ಸಿ ಪಿಸುಗುಟ್ಟಿದಳು.

"ಕೇಳ್ಬೇಡ... ಹಾಕು."

ಬೆಳಿಗ್ಗೆ ಬಲ ಅಂಗೈ ತುಂಬ ನೀರು ತುಂಬಿದ ಗುಳ್ಳೆ. ನ್ಯಾನ್ಸಿ ಮದುವೆಗೆ ಮುಂಚೆ ಊರಿನ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವಳು. "ಗೇರಿನ ಎಣ್ಣೆ ತಾಗಿದ ಹಾಗೆಯೇ ಉಂಟಲ್ಲ ಮಾರಾಯ್ರೆ. ಇಲ್ಲಿ ಎಲ್ಲಿ ಸಿಕ್ಕಿತು ನಿಮಗೆ?" ಅಂದಳು. ಇಲ್ಲಿನ ಜಿಪಿ ಡಾಕ್ಟರ್ ಕೇಳಿದ್ದೂ ಅಂಥದ್ದೇ: ಹಸಿ ಸೊನೆ ಮುಟ್ಟಿದಿರಾ? ಒಣಗಿದ ಮೇಲೆ ಆ ಸೊನೆ ಯಾರನ್ನೂ ಸುಡುವುದಿಲ್ಲವಂತೆ. ಕಪಾಟಿನದು ಒಣಗಿ ನೂರೈವತ್ತು ವರ್ಷದ ಮೇಲಾಗಿದೆ.

ಗುಳ್ಳೆ ಮಾಗಿತು. ಆದರೆ ಬೆರಳು ಮಡಚಲು ಬರುವುದಿಲ್ಲ. ಉಳಿ ಹಿಡಿಯಲಾಗದ ಬಡಗಿಗೆ ಈ ಊರಲ್ಲಿ ಯಾರು ಕೆಲಸ ಕೊಡುತ್ತಾರೆ?

ನನಗೆ ತಡೆಯಲಾಗಲಿಲ್ಲ. ಜಗಳಕ್ಕೆಂದೇ ಸ್ಟ್ಯಾನ್ಮೋರಿಗೆ ಹೋದೆ.

"ನಿಮ್ಮ ಕೆಲಸದಲ್ಲಿ ಅವನ ಕೈ ಹೋಯಿತು," ಅಂದೆ.

"ಅವನಿಗೆ ಅಲರ್ಜಿ ಇದ್ದರೆ ನಾನೇನು ಮಾಡಲಿ?" ಟಿವಿಯಿಂದ ಕಣ್ಣು ತೆಗೆಯದೆ ಅಂದ ಋಷಿಕೇಶ್.

ಆಗ ಕೇಳಿಸಿತು. ಟಪ್... ಟಪ್...

ದೆವ್ವಗಿವ್ವ ನಂಬುವವನಲ್ಲ ನಾನು. ಆದರೆ ಇದು ನಡೆದದ್ದು, ಕಣ್ಣಾರೆ ಕಂಡದ್ದು. ಕಪಾಟಿನ ಬಾಗಿಲಿನ ಕೊಯ್ದ ಅಂಚಿನ ಕೆಳಗೆ ಒಂದು ಸ್ಟೀಲ್ ಬಟ್ಟಲು ಇಟ್ಟಿದ್ದರು. ನಾವು ಮಾತಾಡುತ್ತಿರುವಾಗಲೇ ಅವನ ಹೆಂಡತಿ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಬಂದಳು. ಕಪ್ಪು ಸೊನೆ ತುಂಬಿದ ಬಟ್ಟಲು ಎತ್ತಿ, ಖಾಲಿಯದನ್ನು ಇಟ್ಟು ಹೋದಳು.