ತೇಲಿಬಂದ ಗೂಡು

ಸ್ಕಾಡರ್ ಸರೋವರದ ದಡದಲ್ಲಿ, ಬೆಳಿಗ್ಗೆ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು: ಪ್ರವಾಸಿಗರ ದೋಣಿ ನಡೆಸುವ ವುಕ್ಸಾನ್ ಮತ್ತು ಪಕ್ಷಿಧಾಮದ ಕಾವಲು ಸಮವಸ್ತ್ರದಲ್ಲಿದ್ದ ಅವನ ಅತ್ತಿಗೆ ಸ್ಟಾನ್ಕಾ. ಮಾತು ತೆಗೆದವಳು ಅವಳು.

“ಪೆಲಿಕನ್ ಗೂಡುಗಳಿರೋ ತೇಲೋ ಹುಲ್ಲಿನ ದಿಬ್ಬ ಗಾಳಿಗೆ ಸರ್ಕೊಂಡು ನಿಮ್ಮ ದೋಣಿ ದಾರಿಗೇ ಬಂದಿದೆ ಕಣೋ. ಎಂಜಿನ್ ಸದ್ದಿಗೆ ಹಕ್ಕಿಗಳು ಎದ್ದು ಹಾರಿದ್ರೆ ಮೊಟ್ಟೆ ಎಲ್ಲಾ ಹಾಳು.”

“ಹಾಗಾದ್ರೆ ದಾರಿ ಮುಚ್ಚಿ.”

“ರಾಜಧಾನಿಯಿಂದ ಆದೇಶ ಬರ್ಬೇಕು.”

“ಅದು ಬರೋಷ್ಟರಲ್ಲಿ ಮರಿಗಳಿಗೆ ಮೊಮ್ಮಕ್ಕಳಾಗಿರ್ತವೆ. ಸರಿ, ದಿಬ್ಬ ಮೊದಲಿದ್ದ ಕಡೆಯಿಂದ ಸುತ್ತಿ ಹೋಗ್ತೀನಿ. ಅಲ್ಲೀಗ ಒಂದು ಹಕ್ಕಿನೂ ಇಲ್ವಲ್ಲ.”

“ನಕ್ಷೆ ಪ್ರಕಾರ ಅದು ಈಗಲೂ ನಿಷೇಧಿತ ಜಾಗ. ಬಂದ್ರೆ ನಿನ್ನ ಲೈಸೆನ್ಸ್ ಕಿತ್ಕೋಬೇಕಾಗುತ್ತೆ.”

“ಅಂದ್ರೆ ಗೂಡಿನ ಪಕ್ಕದಲ್ಲೇ ಎಂಜಿನ್ ಓಡಿಸಿದ್ರೆ ಸರಿ, ದೂರ ಹೋದ್ರೆ ತಪ್ಪು?”

“ನನ್ನ ಮೇಲೆ ಯಾಕೋ ಕೂಗ್ತೀಯ?”

“ನಿಮ್ಮ ಸಾಹೇಬ್ರು ಬ್ರೆಡ್ಡಿಗೆ ಇಲ್ಲಿ ಸಾಲಲ್ಲಿ ನಿಲ್ಲಲ್ವಲ್ಲ, ಅತ್ತಿಗೆ.”

“ಇವತ್ತೊಂದಿನ ದೋಣಿ ಬಿಡ್ಬೇಡ.”

“ಇವತ್ತು ಬಿಡಲ್ಲ. ನಾಳೆ? ಇಡೀ ಸೀಸನ್ ಮನೇಲಿ ಕೂತ್ಕೊಳ್ಳಲಾ?”

ಅವನು ಬ್ರೆಡ್ ಕೊಂಡು ಕಂಕುಳಲ್ಲಿರಿಸಿ ಬಾಗಿಲಿನತ್ತ ತಿರುಗಿದ.

“ನಾಳೆ ನಿಷೇಧಿತ ಜಾಗದಿಂದಲೇ ಹೋಗ್ತೀನಿ. ಹಿಡಿಯೋದಾದ್ರೆ ನೀವೇ ಬಂದು ಹಿಡೀರಿ.”

“ಹಿಡೀಲೇಬೇಕು ಕಣೋ,” ಎನ್ನುತ್ತ ಅವಳೂ ಅವನ ಹಿಂದೆಯೇ ಹೊರಟಳು.